ರಗ್ಬಿ: ಅಡ್ವಾಂಟೇಜ್ ಎಷ್ಟು ಹೊತ್ತು ಅನ್ನೋದಕ್ಕೆ ಲೆಕ್ಕ ಇದೆಯಾ?

ಗ್ಯಾಲರಿ_ಮೂಲೆ
ರಗ್ಬಿ ಯೂನಿಯನ್ ನೋಡುವ ಹುಚ್ಚು ಹೊಸದಾಗಿ ಹತ್ತಿದೆ. ಸ್ಕ್ರಮ್ (ಎರಡೂ ತಂಡ ಹೆಗಲು ಕೊಟ್ಟು ತಳ್ಳಾಡಿ ಬಾಲ್‌ಗೆ ಹೋರಾಡೋದು), ಲೈನ್‌ಔಟ್ (ಹೊರಗೆ ಹೋದ ಬಾಲನ್ನು ಸಾಲಾಗಿ ನಿಂತವರ ನಡುವೆ ಎಸೆಯೋದು) ಎಲ್ಲ ಹೇಗೋ ಅರ್ಥ ಆಯಿತು, ಈ ಅಡ್ವಾಂಟೇಜ್, ಅಂದರೆ ತಪ್ಪಾದರೂ ಎದುರಿನ ತಂಡಕ್ಕೆ ಲಾಭ ಸಿಗಲಿ ಅಂತ ರೆಫರಿ ಆಟ ನಿಲ್ಲಿಸದೆ ಬಿಡೋದು, ಮಾತ್ರ ತಲೆಗೆ ಹೋಗುತ್ತಿಲ್ಲ. ಒಂದು ತಂಡ ಆಫ್‌ಸೈಡ್ ಆಯಿತು, ರೆಫರಿ ಕೈ ಚಾಚಿದರು, ಎದುರಿನವರು ಏನೇನೋ ಆಡಿ ಒಂದು ನಿಮಿಷವೇ ಕಳೆಯಿತು, ಆಮೇಲೆ ವಾಪಸ್ ಕರೆದು ಪೆನಾಲ್ಟಿ ಕೊಟ್ಟರು. ಅದೇ ಮ್ಯಾಚಲ್ಲಿ ನಾಕ್-ಆನ್ (ಬಾಲ್ ಕೈತಪ್ಪಿ ಮುಂದಕ್ಕೆ ಬೀಳೋದು) ಆದಾಗ ಎರಡು ಪಾಸ್‌ಗೇ 'ಅಡ್ವಾಂಟೇಜ್ ಓವರ್' ಅಂದರು. ಇಷ್ಟು ಸೆಕೆಂಡ್ ಅಂತ ರೂಲ್ ಇದೆಯಾ, ಇಲ್ಲಾ ರೆಫರಿ ಮನಸ್ಸಿಗೆ ಬಂದ ಹಾಗಾ?

ಹದಿನೈದನೇ_ಜರ್ಸಿ
ಸೆಕೆಂಡ್ ಲೆಕ್ಕ ಇಲ್ಲ. 7ನೇ ನಿಯಮ ಕೇಳೋದು ಎರಡೇ: ಜಾಗ ಮುಂದೆ ಸಿಕ್ಕಿತಾ, ಇಲ್ಲಾ ಬಾಲನ್ನು ಬೇಕಾದ ಹಾಗೆ ಆಡುವ ಅವಕಾಶ ಸಿಕ್ಕಿತಾ. ಎರಡೂ ಸೇರಿದರೂ ಸರಿ. ಆದರೆ ಲಾಭ ನಿಜವಾಗಿ ಕೈಗೆ ಬಂದಿರಬೇಕು, ಬರಬಹುದು ಅನ್ನೋದು ಸಾಲದು.
ನೀವು ಕಂಡ ವ್ಯತ್ಯಾಸಕ್ಕೆ ಕಾರಣ ಸುಲಭ. ನಾಕ್-ಆನ್‌ಗೆ ಸಿಗೋದು ಬರೀ ಸ್ಕ್ರಮ್. ಪೆನಾಲ್ಟಿ ಅಂದರೆ ಗೋಲಿಗೆ ಒದ್ದು 3 ಅಂಕ, ಇಲ್ಲಾ ಟಚ್‌ಗೆ (ಪಕ್ಕದ ಗೆರೆಯಾಚೆ) ಒದ್ದು ಲೈನ್‌ಔಟ್ ಥ್ರೋ ಕೂಡ ನಿಮ್ಮದೇ. ಅಷ್ಟು ದೊಡ್ಡದನ್ನು ಕಿತ್ತುಕೊಳ್ಳಬೇಕಾದರೆ ಬದಲಿಗೆ ಅಷ್ಟೇ ದೊಡ್ಡದು ಸಿಕ್ಕಿರಬೇಕು ಅಲ್ವಾ? ಟ್ರೈ ಲೈನ್‌ಗೆ 5 ಮೀಟರ್ ದೂರದಲ್ಲಿದ್ದರೆ ಮುಂದೆ ಹೋಗೋಕೆ ಜಾಗವೇ ಇಲ್ಲ, ಟ್ರೈ (ಆ ಗೆರೆಯ ಮೇಲೆ ಇಲ್ಲಾ ಆಚೆ ಬಾಲನ್ನು ನೆಲಕ್ಕೆ ಒತ್ತೋದು) ಬಂದರೆ ಮಾತ್ರ ಲಾಭ. ಅದಕ್ಕೇ ಅಲ್ಲಿ ಅಷ್ಟು ಎಳೆಯುತ್ತಾರೆ.

ವಿಸಿಲ್_ಪೀಪಿ
ಇಂಗ್ಲೆಂಡಿನಲ್ಲಿ ಸಣ್ಣ ಕ್ಲಬ್ ಮ್ಯಾಚುಗಳಿಗೆ ರೆಫರಿ ಮಾಡುತ್ತೇನೆ, ಒಳಗಿನ ಕಥೆ ಹೇಳುತ್ತೇನೆ. ತಪ್ಪು ಕಂಡ ತಕ್ಷಣ ಕೈ ಚಾಚಿ, ಏನು ತಪ್ಪು ಅಂತ ಜೋರಾಗಿ ಕೂಗಿ, ಆ ಜಾಗ ನೆನಪಿಟ್ಟುಕೊಳ್ಳಬೇಕು, ವಾಪಸ್ ಅಲ್ಲಿಗೇ ಬರಬೇಕಲ್ಲ. ಆಮೇಲೆ ಕಣ್ಣು ಫ್ಲೈ-ಹಾಫ್ (ಆಟ ನಡೆಸುವ 10ನೇ ನಂಬರಿನವ) ಮೇಲೆ. ನಾಕ್-ಆನ್ ಆದ ಬಾಲ್ ಅವನಿಗೆ ಸಿಕ್ಕಿದೆ, ಮೇಲೆ ಬೀಳೋಕೆ ಹತ್ತಿರ ಯಾರೂ ಇಲ್ಲ, ತಲೆ ಎತ್ತಿ ನೋಡಿ ಒದೆಯುತ್ತಾನೆ ಅಂದರೆ ಅಲ್ಲಿಗೆ ಮುಗಿಯಿತು. ಒದೆತ ಕೆಟ್ಟದಾದರೆ ಅದು ಅವನ ಕರ್ಮ. ಅದೇ ಒದೆತ ಪೆನಾಲ್ಟಿ ಅಡ್ವಾಂಟೇಜಲ್ಲಿ ಆಗಿದ್ದರೆ ನಾನು ವಾಪಸ್ ಬರುತ್ತೇನೆ.
ಅಡ್ವಾಂಟೇಜ್ ನಡೆಯುವಾಗ ಲಾಭ ಸಿಗುವ ಮೊದಲೇ ಆ ತಂಡವೇ ಬಾಲ್ ಬೀಳಿಸಿದರೂ ಮೊದಲ ತಪ್ಪಿಗೇ ವಾಪಸ್. ತಪ್ಪು ಮಾಡಿದವರೇ ಮತ್ತೊಂದು ಮಾಡಿ ಆಟ ನಿಂತರೆ, ಯಾವುದಕ್ಕೆ ಶಿಕ್ಷೆ ಬೇಕು ಅನ್ನೋದು ಎದುರು ಕ್ಯಾಪ್ಟನ್ ಆಯ್ಕೆ. ಆದರೆ ಸ್ಕ್ರಮ್ 90 ಡಿಗ್ರಿ ದಾಟಿ ತಿರುಗಿದರೆ, ಒಳಗಿದ್ದವನನ್ನು ಮೇಲಕ್ಕೆ ಎತ್ತಿದರೆ, ಯಾರಿಗಾದರೂ ಜೋರು ಪೆಟ್ಟು ಬಿದ್ದ ಅನುಮಾನ ಬಂದರೆ ಅಡ್ವಾಂಟೇಜ್ ಮಾತೇ ಇಲ್ಲ, ನೇರ ವಿಸಿಲ್.

ಕಡ್ಡಿ_ಮುರಿದಂಗೆ
ಎಲ್ಲ ಸರಿ, ಆದರೆ ಈಗ ಜಾಸ್ತಿಯಾಗಿದೆ. 30 ಮೀಟರ್ ಮುಂದೆ ಹೋಗಿ, ಬಾಲನ್ನೂ ಇಟ್ಟುಕೊಂಡು, ತಾವೇ ಕೆಡಿಸಿಕೊಂಡ ಮೇಲೂ ಪೆನಾಲ್ಟಿ ಯಾಕೆ ಬೇಕು? ಒಂದೇ ತಪ್ಪಿಗೆ ಎರಡು ಸಲ ಊಟ. ಬೇಗ ಊದಿದರೂ ತಲೆನೋವೇ ಅನ್ನಿ. 2017ರಲ್ಲಿ ಈಡನ್ ಪಾರ್ಕ್‌ನಲ್ಲಿ ಆಲ್ ಬ್ಲಾಕ್ಸ್ (ನ್ಯೂಜಿಲೆಂಡ್ ತಂಡ), ಲಯನ್ಸ್ (ಬ್ರಿಟನ್-ಐರ್ಲೆಂಡ್ ಜಂಟಿ ತಂಡ) ಮೂರನೇ ಟೆಸ್ಟ್, 15-15. ಕೊನೆಯಲ್ಲಿ ಲಯನ್ಸ್‌ನ ಕೆನ್ ಓವೆನ್ಸ್ ಆಫ್‌ಸೈಡಲ್ಲಿ ಬಾಲ್ ಮುಟ್ಟಿದ, ರೆಫರಿ ರೊಮೆನ್ ಪೊಯ್ಟ್ ತಕ್ಷಣ ಊದಿ ಪೆನಾಲ್ಟಿ ಕೊಟ್ಟರು, ಆಮೇಲೆ ವಿಡಿಯೋ ನೋಡಿ ಬೇಕಂತ ಮಾಡಿದ್ದಲ್ಲ ಅಂತ ಸ್ಕ್ರಮ್‌ಗೆ ಇಳಿಸಿದರು. ಸರಣಿ ಸಮ. ಒಂದು ಕ್ಷಣ ತಡೆದಿದ್ದರೆ ಆಲ್ ಬ್ಲಾಕ್ಸ್ ಅಲ್ಲಿಂದಲೇ ಓಡುತ್ತಿದ್ದರೇನೋ, ನನಗಿನ್ನೂ ಹೊಟ್ಟೆ ಉರಿ.

ಗ್ಯಾಲರಿ_ಮೂಲೆ
ಅಂದರೆ ಪೆನಾಲ್ಟಿ ಅಡ್ವಾಂಟೇಜ್ ಕ್ರಿಕೆಟ್ಟಿನ ಫ್ರೀ ಹಿಟ್ ತರಹ, ಹೆದರದೆ ಬೀಸಬಹುದು. ಹಾಗಾದರೆ ಡ್ರಾಪ್ ಗೋಲ್ (ಆಟದ ನಡುವೆಯೇ ಬಾಲನ್ನು ನೆಲಕ್ಕೆ ಬಿಟ್ಟು ಪುಟಿದಾಗ ಗೋಲಿಗೆ ಒದೆಯೋದು) ಹೊಡೆದರೆ?

ವಿಸಿಲ್_ಪೀಪಿ
ಹೊಡೆಯಲಿ, ತುಂಬಾ ಜನ ಹೊಡೆಯುತ್ತಾರೆ. ತಪ್ಪಿದರೆ ಪೆನಾಲ್ಟಿಗೆ ವಾಪಸ್. ಒಳಗೆ ಹೋದರೆ 3 ಅಂಕ, ಅಡ್ವಾಂಟೇಜ್ ಮುಗಿಯಿತು, ಪೆನಾಲ್ಟಿ ಕೇಳುವ ಹಾಗಿಲ್ಲ. ಆದರೆ ಆಡೋಕೆ ಮುಂಚೆ ರೆಫರಿ ಕೈ ಇನ್ನೂ ಚಾಚಿಯೇ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಬೇಕು. 'ಓವರ್' ಅಂದಿದ್ದು ಕೇಳಿಸದೆ ಸುಮ್ನೆ ಒದ್ದು ಬಾಲ್ ಕೊಟ್ಟು ಕೂತವರೂ ಇದ್ದಾರೆ.