ಪದಚರ್ಚೆ: ಪಾದರಸವನ್ನು ‘ಹೀರುವುದೇ’, ‘ಬಂಧಿಸುವುದೇ’?

ಮಿತ್ರರೇ,

ಕಲುಷಿತ ನೀರಿನಿಂದ ಪಾದರಸವನ್ನು ಬೇರ್ಪಡಿಸುವ ವಿಧಾನಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ನೀರಿನಲ್ಲಿ ಕರಗಿದ ವಸ್ತು ಘನವಸ್ತುವಿನ ಮೇಲ್ಮೈಗೆ ಅಂಟಿಕೊಳ್ಳುವ, ರಸಾಯನಶಾಸ್ತ್ರದವರು ‘ಅಡ್ಸಾರ್ಪ್ಷನ್’ ಎನ್ನುವ ಕ್ರಿಯೆಗೆ ಕನ್ನಡದಲ್ಲಿ ಏನು ಬರೆಯಬೇಕು?

‘ಅಧಿಶೋಷಣೆ’ ಎಂಬ ಪಾರಿಭಾಷಿಕ ಪದವಿದೆ, ಬಲ್ಲೆ. ಆದರೆ ಇಂದಿನ ಕನ್ನಡಿಗನ ಕಿವಿಗೆ ಶೋಷಣೆ ಎಂದರೆ ದುರ್ಬಲರ ಮೇಲಿನ ದಬ್ಬಾಳಿಕೆ. ಒಣಗಿಸು, ಹೀರು ಎಂಬ ಮೂಲಾರ್ಥ ಬಳಕೆಯಿಂದ ದೂರ ಸರಿದಿದೆ. ‘ಹೀರಿಕೆ’ ಸುಲಭವಾದರೂ ಅದು ಬೇರೆಯೇ ಕ್ರಿಯೆ. ಬಟ್ಟೆ ನೀರನ್ನು ಹೀರಿದಾಗ ನೀರು ಎಳೆಗಳ ಒಳಕ್ಕೆ ಇಳಿಯುತ್ತದೆ. ನೀರನ್ನು ಶುದ್ಧೀಕರಿಸಲು ಬಳಸುವ ತೆಂಗಿನ ಕರಟದ ಇದ್ದಿಲಿನಲ್ಲಾದರೆ ಪಾದರಸದ ಅಯಾನುಗಳು (ವಿದ್ಯುದಾವೇಶವುಳ್ಳ ಪರಮಾಣುಗಳು) ಸೂಕ್ಷ್ಮ ರಂಧ್ರಗಳ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ‘ಸೋಸುವುದು’ ಎನ್ನಲೂ ಆಗದು, ಏಕೆಂದರೆ ಕರಗಿದ ಪಾದರಸ ಜರಡಿಗೆ ಸಿಗುವ ಕಣವಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.001 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ.

ನನ್ನ ಲೇಖನದ ಮುಖ್ಯ ಉದಾಹರಣೆ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ್ದು. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಉಪೋತ್ಪನ್ನವಾಗಿ ರಾಶಿ ಬೀಳುವ ಗಂಧಕವನ್ನು ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನೀನ್ ಜೊತೆ ಕಾಯಿಸಿ ಅಲ್ಲಿನ ಸಂಶೋಧಕರು ನೀರಿನಲ್ಲಿರುವ ಪಾದರಸವನ್ನು ಹಿಡಿದಿಡುವ ಒಂದು ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಮಾಡಿದರು. 2015ರಲ್ಲಿ ಅದು ಪ್ರಕಟವಾಯಿತು. ಎರಡು ಕೈಗಾರಿಕೆಗಳ ಉಳಿಕೆಯಿಂದಲೇ ತಯಾರಾದ ಈ ಗಾಢ ಕೆಂಪು ವಸ್ತು ಪಾದರಸದ ಲವಣ ತಗುಲಿದಾಗ ಹಳದಿಗೆ ತಿರುಗುತ್ತದೆ. ‘ಸುಸ್ಥಿರ’ ಎಂಬ ವಿಶೇಷಣಕ್ಕೆ ಇದಕ್ಕಿಂತ ಅರ್ಹವಾದುದನ್ನು ನಾನು ಕಂಡಿಲ್ಲ. ಇಲ್ಲಿ ಕೆಲಸ ಮಾಡುವುದು ಗಂಧಕಕ್ಕೂ ಪಾದರಸಕ್ಕೂ ಇರುವ ಗಾಢ ಒಲವು. ಅದಿರಿನಲ್ಲಿಯೂ ಇವೆರಡು ಇಂಗಳೀಕ (ಸಿನಬಾರ್) ಎಂಬ ಕೆಂಪು ಖನಿಜವಾಗಿ ಕೂಡಿಯೇ ಇರುತ್ತವೆ.

ಹಾಗಾಗಿ ‘ಬಂಧನ’ ಎಂಬ ಪದ ನನ್ನನ್ನು ಸೆಳೆಯುತ್ತಿದೆ. ಪಾದರಸವನ್ನು ಸಂಸ್ಕರಿಸಿ ಔಷಧ ಮಾಡುವ ನಮ್ಮ ಹಳೆಯ ವಿದ್ಯೆಯಾದ ರಸಶಾಸ್ತ್ರದಲ್ಲಿ ಪಾದರಸದ ಚಂಚಲತೆಯನ್ನು ಕಟ್ಟಿಹಾಕುವುದಕ್ಕೆ ‘ಬಂಧ’ ಎಂದೇ ಹೆಸರು. ಪಾದರಸವನ್ನೂ ಗಂಧಕವನ್ನೂ ಕಲ್ವದಲ್ಲಿ (ಔಷಧ ಅರೆಯುವ ಕಲ್ಲಿನಲ್ಲಿ) ಅರೆದು ಮಾಡುವ ಕಪ್ಪು ‘ಕಜ್ಜಲಿ’ಯೂ ಇದೇ ಒಲವಿನ ಫಲ. ಯುರೋಪಿನಲ್ಲಿಯೂ ಇದಕ್ಕೆ ಸಮೀಪದ ಹೆಸರೊಂದಿದೆ: ಗಂಧಕವುಳ್ಳ ಒಂದು ಬಗೆಯ ಸಾವಯವ ಸಂಯುಕ್ತಗಳನ್ನು ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಝೈಸೆ 1830ರ ದಶಕದಲ್ಲಿ ‘ಮರ್ಕ್ಯಾಪ್ಟನ್’ ಎಂದು ಕರೆದರು. ಪಾದರಸವನ್ನು ಹಿಡಿಯುವಂಥದ್ದು ಎಂಬುದು ಅದರ ಲ್ಯಾಟಿನ್ ಅರ್ಥ.

ತೊಡಕು ಇಷ್ಟೇ: ‘ರಾಸಾಯನಿಕ ಬಂಧ’ ಈಗಾಗಲೇ ಪಠ್ಯಗಳಲ್ಲಿ ನೆಲೆಯೂರಿದೆ. ಇದ್ದಿಲಿಗೆ ಸಡಿಲವಾಗಿ ಅಂಟಿದ್ದಕ್ಕೂ ಗಂಧಕ ಬಿಗಿಯಾಗಿ ಹಿಡಿದದ್ದಕ್ಕೂ ಒಂದೇ ಪದವಾದರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ ‘ಮೇಲ್ಮೈ ಅಂಟಿಕೆ’, ಎರಡನೆಯದಕ್ಕೆ ‘ಬಂಧನ’ ಎಂದರೆ ಹೇಗೆ?

ಇನ್ನೊಂದು ಮಾತು. ಪತ್ರಿಕೆಗಳಲ್ಲಿ ಪಾದರಸದ ‘ನಿರ್ಮೂಲನೆ’, ‘ನಾಶ’ ಎಂದು ಬರೆಯುವುದನ್ನು ನಾನು ಖಂಡಿತ ಒಪ್ಪಲಾರೆ. ಪಾದರಸ ಒಂದು ಮೂಲವಸ್ತು. ಅದು ನಾಶವಾಗುವುದಿಲ್ಲ, ನೀರಿನಿಂದ ಪಾಲಿಮರಿಗೋ ಇದ್ದಿಲಿಗೋ ವರ್ಗವಾಗುತ್ತದೆ ಅಷ್ಟೆ. ನಾಶವಾಯಿತೆಂದು ಓದಿದವನು ಆ ಬಳಸಿದ ಇದ್ದಿಲನ್ನು ಎಲ್ಲಿ ಸುರಿದರು ಎಂದು ಕೇಳುವುದೇ ಇಲ್ಲ. ‘ಬೇರ್ಪಡಿಸುವಿಕೆ’ ಎಂದರೆ ಕೇಳುತ್ತಾನೆ.

‘ಅಧಿಶೋಷಣೆ’ಗೆ ಬದಲಾಗಿ ಬೇರೆ ಪದವನ್ನು ಅಚ್ಚಿನಲ್ಲಿ ಕಂಡವರು, ಸಾಧ್ಯವಾದರೆ ಇಡೀ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ. ನೀರು ಶುದ್ಧೀಕರಣ ಘಟಕಗಳಲ್ಲಿ ದುಡಿಯುವವರ ಬಾಯಲ್ಲಿ ಬಳಕೆಯಾಗುವ ಪದವಿದ್ದರೆ ಅದಕ್ಕೇ ನನ್ನ ಮೊದಲ ಮನ್ನಣೆ.