ಪದ ಬೇಕು, ಅರ್ಜೆಂಟ್: ‘ಸೆಕ್ಕೊ’, ‘ಅಬ್ಬೊಕ್ಕಾತೊ’ ವೈನಿಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ಇಟಲಿಯ ಉಂಬ್ರಿಯಾ ಸೀಮೆಯ ಒರ್ವಿಯೆತೊ ಊರಿನ ಬಗ್ಗೆ ಒಂದು ಪ್ರವಾಸ ಲೇಖನ ಅನುವಾದ ಮಾಡ್ತಿದೀನಿ, ನಾಳೆ ಬೆಳಿಗ್ಗೆ ಕೊಡ್ಬೇಕು. ಅಲ್ಲಿನ ಬಿಳಿ ವೈನಿಗೂ ಊರಿನದೇ ಹೆಸರು, ಬರೋದು ನಾಲ್ಕು ಥರ: ಸೆಕ್ಕೊ, ಅಬ್ಬೊಕ್ಕಾತೊ, ಅಮಾಬಿಲೆ, ದೊಲ್ಚೆ. ಲೀಟರಿಗೆ ಸಕ್ಕರೆ ಎಷ್ಟು ಉಳಿದಿದೆ ಅನ್ನೋದರ ಮೇಲೆ ಹೆಸರು, ಸೆಕ್ಕೊ ಸುಮಾರು 4 ಗ್ರಾಂ ಒಳಗೆ, ಅಬ್ಬೊಕ್ಕಾತೊ 12ರ ತನಕ, ಅಮಾಬಿಲೆ 45ರ ತನಕ, ಅದರಾಚೆ ದೊಲ್ಚೆ. ದೊಲ್ಚೆಗೆ ಸಿಹಿ ಅಂದ್ರಾಯ್ತು. ಮಿಕ್ಕಿದ್ದಕ್ಕೆ? ಸೆಕ್ಕೊಗೆ ‘ಒಣ ವೈನ್’ ಅಂತ ಬರೆದು ನನಗೇ ನಗು ಬಂತು.

ಮರು:
ನಗೋದೇನಿದೆ ಅದರಲ್ಲಿ. ಸೆಕ್ಕೊ ಅಂದ್ರೂ ಒಣ, ಫ್ರೆಂಚರ ಸೆಕ್ ಅಂದ್ರೂ ಒಣ, ಜರ್ಮನರ ಟ್ರೋಕನ್ ಅಂದ್ರೂ ಒಣ. ಅವರಿಗಿಲ್ಲದ ನಾಚಿಕೆ ನಮಗ್ಯಾಕೆ? ‘ಒಣಗಳ್ಳು’ ಅನ್ನಿ, ವೈನ್ ಅನ್ನೋ ಎರವಲೂ ತಪ್ಪುತ್ತೆ.

ಮರು:
ಒಣಗಳ್ಳಂತೆ! ಒಣಜಂಬ, ಒಣಹರಟೆ, ಒಣವೇದಾಂತ, ಕನ್ನಡದಲ್ಲಿ ಒಣ ಸೇರಿದ್ರೆ ಒಳಗೆ ಹುರುಳಿಲ್ಲ ಅಂತ ಅರ್ಥ. ಕಳ್ಳು ಮರದ್ದು ಸ್ವಾಮಿ, ದ್ರಾಕ್ಷಿದಲ್ಲ. ‘ಸಿಹಿಯಿಲ್ಲದ’ ಅಂತ ಬರೀರಿ, ಮುಗೀತು.

ಮರು:
ನಮ್ಮ ಮಂಗಳೂರಲ್ಲಿ ಸಕ್ಕರೆ ಹಾಕದ್ದು ಚಪ್ಪೆ ಚಾ. ಚಪ್ಪೆ ವೈನ್ ಅಂದ್ರೆ ಆಗ್ಲಿಕ್ಕಿಲ್ವಾ?

ಮರು:
ಆಗಲ್ಲ. ಗ್ರೆಕೆತ್ತೊ, ಪ್ರೊಕಾನಿಕೊ ದ್ರಾಕ್ಷಿಯ ವೈನದು, ಬಾಯಿಗಿಟ್ಟ ತಕ್ಷಣ ತಿಳಿಹುಳಿ, ನುಂಗಿದ ಮೇಲೆ ಬಾದಾಮಿ ಸಿಪ್ಪೆ ಅಗಿದಂಗೆ ಚೂರು ಕಹಿ. ಅದಕ್ಕೆ ಚಪ್ಪೆ ಅನ್ನೋದೇ? ಒಗರು ಅಂತಲೂ ಯಾರೂ ಶುರು ಮಾಡ್ಬೇಡಿ, ಒಗರು ನೇರಳೆ ಹಣ್ಣಿನದು, ಕೆಂಪು ವೈನಿಗೆ ಇಟ್ಕೊಳ್ಳಿ. ಅಬ್ಬೊಕ್ಕಾತೊಗೆ ‘ನಸುಸಿಹಿ’. ಅಸಲಿಗೆ ಆ ಊರಿನ ಹಳೇ ವೈನ್ ಅದೇ, ಊರು ಕೂತಿರೋದೇ ಟೂಫೊ ಬಂಡೆ ಮೇಲೆ, ಆ ಮೆದುಕಲ್ಲಲ್ಲಿ ಕೊರೆದ ನೆಲಮಾಳಿಗೆ ತಣ್ಣಗಿದ್ದು ಹುಳಿಯೋದು ಅರ್ಧಕ್ಕೇ ನಿಂತು ಸಿಹಿ ಉಳೀತಿತ್ತು. ಸೆಕ್ಕೊ ಹೆಚ್ಚಾಗಿದ್ದು ಈಚೆಗೆ.

ಮರು:
ಅಬ್ಬೊಕ್ಕಾತೊದಲ್ಲಿರೋ ‘ಬೊಕ್ಕ’ ಅಂದ್ರೆ ಬಾಯಿ. ನಮ್ಮ ‘ಬೊಕ್ಕಬಾಯಿ’ ನೋಡಿ. ನಂಟು ಇದ್ದೇ ಇದೆ, ‘ಬಾಯ್ಸಿಹಿ’ ಅನ್ನೋಣ.

ಮರು:
ಲ್ಯಾಟಿನ್ನಿನ ಬುಕ್ಕ ಅಂದ್ರೆ ಕೆನ್ನೆ. ಹಲ್ಲುದುರಿದ ಅಜ್ಜಂದಿರನ್ನ ಬಿಟ್ಬಿಡಿ.

ಮರು:
ವೈನ್ ಅಂತ ಒಪ್ಕೊಂಡ ಮೇಲೆ ಉಳಿದಿದ್ದಕ್ಕೆ ಯಾಕಪ್ಪ ಇಷ್ಟು ಮಡಿ. ಬೈಬಲಿನ ದ್ರಾಕ್ಷಾರಸ ಅಂದ್ರೆ ಜ್ಯೂಸ್ ಅನ್ಕೋತಾರೆ, ದ್ರಾಕ್ಷಾಸವ ಅಂದ್ರೆ ಆಯುರ್ವೇದದ ಅಂಗಡಿ. ದ್ರಾಕ್ಷಿ ತಾನೇ ಸಂಸ್ಕೃತದಿಂದ ಬಂದಿದ್ದು, ಅದನ್ನೂ ವಾಪಸ್ ಕಳಿಸ್ತೀರಾ?

ಮರು:
ಇಂಥವರಿಂದಲೇ ಕನ್ನಡ ಈ ಗತಿಗೆ ಬಂದಿರೋದು.

ಮರು:
ಸೆಕ್ಕೊಗೆ ‘ಸಿಹಿಯಿಲ್ಲದ’, ಅಬ್ಬೊಕ್ಕಾತೊಗೆ ‘ನಸುಸಿಹಿ’ ಹಾಕಿದೀನಿ, ಉಪಕಾರ ಆಯ್ತು. ಮುಂದಿನ ಪ್ಯಾರಾದಲ್ಲಿ ಇನ್ನೊಂದು ಸಿಕ್ತು: ಶರತ್ಕಾಲದ ಮಂಜಿಗೆ ದ್ರಾಕ್ಷಿಗೆ ಬೂಷ್ಟು ಹಿಡಿದು, ನೀರಾರಿ, ಸಿಹಿ ಗಟ್ಟಿಯಾಗುತ್ತಂತೆ, ಅದರ ಹೆಸರು ‘ಮುಫ್ಫಾ ನೊಬಿಲೆ’. ‘ಉದಾತ್ತ ಬೂಷ್ಟು’ ಅಂತ ಹಾಕಿದ್ರೆ ಯಾರಾದ್ರೂ ಕುಡೀತಾರಾ? ಮತ್ತೆ, ಅಮಾಬಿಲೆಗೆ ಯಾರೂ ಏನೂ ಹೇಳಲೇ ಇಲ್ವಲ್ರೀ.