ಅಪ್‌ಡೇಟ್: ಸಿಪಿಯು ಸದಾ 100%, ಕಾರಣ ಚಾರ್ಜರ್!

ಮನೆಯ ಲ್ಯಾಪ್‌ಟಾಪ್ ತೀರಾ ನಿಧಾನ, ಬ್ರೌಸರ್ ಒಂದೇ ತೆರೆದಿದ್ದರೂ ಸಿಪಿಯು (ಅಂದರೆ ಪ್ರೊಸೆಸರ್) ಬಳಕೆ ಶೇಕಡಾ 90ರ ಕೆಳಗೆ ಇಳಿಯುತ್ತಿಲ್ಲ ಎಂದು ಹೋದ ವಾರ ಕೇಳಿದ್ದೆನಲ್ಲ, ಅದು ಸರಿಹೋಯಿತು.

ವೈರಸ್ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಹಿನ್ನೆಲೆಯಲ್ಲಿ ಓಡುವ ವಿಂಡೋಸ್ ಸೇವೆಗಳಾದ ಸರ್ಚ್ ಇಂಡೆಕ್ಸಿಂಗ್, ಸಿಸ್‌ಮೇನ್ ಎರಡನ್ನೂ ನಿಲ್ಲಿಸಿದೆ, ಏನೂ ಬದಲಾಗಲಿಲ್ಲ. ವಿಂಡೋಸ್ ಹೊಸದಾಗಿ ಹಾಕಿ ಅಂತ ನಿಮ್ಮಲ್ಲಿ ಕೆಲವರು ಅಂದಿರಿ, ಪುಣ್ಯಕ್ಕೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ.

ಕೈಹಿಡಿದದ್ದು ಒಬ್ಬರು ಕೊಟ್ಟ ಈ ಸಲಹೆ: ಶೇಕಡಾ ಬಿಡಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸ್ಪೀಡ್ ನೋಡಿ. ನೋಡಿದರೆ ಬೇಸ್ ಸ್ಪೀಡ್ (ಪ್ರೊಸೆಸರ್‌ನ ಮೂಲ ವೇಗ) 1.80 ಗಿಗಾಹರ್ಟ್ಸ್, ಓಡುತ್ತಿದ್ದದ್ದು ಬರೀ 0.39! ಹಾಗಾದರೆ ಚಾರ್ಜರ್ ಕಿತ್ತು ನೋಡಿ ಅಂದರು. ಕಿತ್ತೆ. ಅದೇ ಕ್ಷಣ ಸ್ಪೀಡ್ 2 ದಾಟಿತು, ಬಳಕೆ ಸರ್ರನೆ ಇಳಿಯಿತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ವಿಷಯ ಏನಪ್ಪಾ ಅಂದರೆ, ಕೆಲವು ಲ್ಯಾಪ್‌ಟಾಪ್ ಚಾರ್ಜರ್‌ಗಳ ತುದಿಯ ಒಳಗೆ, ನಡುವೆ, ಸೂಜಿಯಂಥ ಪಿನ್ ಇರುತ್ತದೆ. ಚಾರ್ಜರ್ ಎಷ್ಟು ವ್ಯಾಟ್‌ನದು ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದು ಅದೇ. ನಮ್ಮದು ಸೊಟ್ಟಗಾಗಿ ಪಕ್ಕಕ್ಕೆ ಒರಗಿತ್ತು. ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಹುಷಾರಾಗಿ ಪ್ರೊಸೆಸರ್ ವೇಗ ತಗ್ಗಿಸುತ್ತದೆ, ಬ್ಯಾಟರಿಯನ್ನೂ ಚಾರ್ಜ್ ಮಾಡುವುದಿಲ್ಲ. ಅಷ್ಟು ನಿಧಾನವಾದ ಮೇಲೆ ಚಿಕ್ಕ ಕೆಲಸವೂ ಪ್ರೊಸೆಸರ್‌ಗೆ ಜಾಸ್ತಿಯೇ, ಅಲ್ವಾ?

ಅದೇ ವ್ಯಾಟ್‌ನ ಹೊಸ ಚಾರ್ಜರ್ ತಂದೆ, ಈಗ ಆರಾಮ. ನಿಮಗೂ ಹೀಗೇ ಆಗುತ್ತಿದ್ದರೆ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್ ಪುಟ) ಅಡಾಪ್ಟರ್, ಅಂದರೆ ಚಾರ್ಜರ್, ಮಾಹಿತಿ ಇದ್ದರೆ ನೋಡಿ. ಅಲ್ಲಿ ‘ಅನ್‌ನೋನ್’ (ಗುರುತಿಲ್ಲ) ಅಂತಿದ್ದರೆ ಸುಮ್ನೆ ಸಾಫ್ಟ್‌ವೇರ್ ಹುಡುಕುತ್ತಾ ಕೂರಬೇಡಿ, ಮೊದಲು ಬೇರೆ ಚಾರ್ಜರ್ ಹಾಕಿ ನೋಡಿ.